ಹೆಸರು ಬರುವ ಜಾಗ

ಅಪ್ಪನ ಹೆಸರು ಈರಣ್ಣ ಎಂಬುದು ನನಗೆ ಮೊದಲು ಗೊತ್ತಾದದ್ದು ಒಡಪಿನಿಂದ. ಅವ್ವ ಅವನನ್ನು ಕರೆಯುತ್ತಿದ್ದದ್ದು "ಏನ್ರಿ" ಎಂದು, ಆಯಿ, ಅಂದರೆ ಅಪ್ಪನ ತಾಯಿ, ಕರೆಯುತ್ತಿದ್ದದ್ದು "ತಮ್ಮಾ" ಎಂದು. ನಮ್ಮ ಕಡೆ ಆಗಿನ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಬಾಯಿಗೆ ತರುತ್ತಿರಲಿಲ್ಲ. ಬಸುರಿಯ ಕುಬುಸದಲ್ಲೋ ಮದುವೆಯಲ್ಲೋ ನಾಲ್ಕು ಜನ ಸೇರಿ "ಹೆಸರ ಹೇಳ" ಎಂದು ಕಾಡಿದಾಗ, ಪ್ರಾಸ ಕೂಡಿಸಿದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ, ನಾಚಿಕೊಂಡು ಹೇಳುತ್ತಿದ್ದರು. ಅದೇ ಒಡಪು. ಶಾಲೆಗೆ ಸೇರಿದ ದಿನ ಅಕ್ಕೋರು ನನ್ನ ಅಪ್ಪನ ಹೆಸರು ಕೇಳಿದಾಗ ನಾನು ಎದ್ದು ನಿಂತು, ಕೈ ಕಟ್ಟಿಕೊಂಡು, ಅವ್ವನ ರಾಗದಲ್ಲೇ ಹೇಳಿಬಿಟ್ಟಿದ್ದೆ:

"ಹಿತ್ತಲದಾಗಿನ ಮಲ್ಲಿಗಿ ತಂದು ಮಾಲಿ ಮಾಡೇನಿ ಕಟ್ಟಿ, ಈರಣ್ಣನವರು ನೇಯ್ತಾರ ಸೀರಿ ದಡಿ ಗಟ್ಟಿ."

ತರಗತಿ ನಕ್ಕಿತು. ಅಕ್ಕೋರೂ ಸೆರಗು ಅಡ್ಡ ಹಿಡಿದು ನಕ್ಕರು. ಹಿತ್ತಲಲ್ಲಿ ಮಲ್ಲಿಗೆ ಇರಲಿಲ್ಲ, ಗಟ್ಟಿ ಅಂಚಿನ ಸೀರೆ ನೇಯುವುದು ಮಾತ್ರ ಖರೆ ಇತ್ತು. ಇಳಕಲ್ಲಿನ ನಮ್ಮ ಮನೆ ಉದ್ದಕ್ಕೆ ಮೂರು ಕೋಣೆ. ಮುಂದಿನ ಕೋಣೆಯನ್ನು ಪೂರ್ತಿ ಮಗ್ಗವೇ ತಿಂದಿತ್ತು. ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಬಾಗಿಲಿಗೆ ಬಂದವರಿಗೆ ಅವನು ಸೊಂಟದ ಮೇಲಷ್ಟೇ ಕಾಣುತ್ತಿದ್ದ. ನಡುವಿನ ಕೋಣೆಯಲ್ಲಿ ಆಯಿ ಮಲಗುವ ಹೊರಸು, ಜೋಳದ ಚೀಲ, ನೂಲಿನ ಗಂಟುಗಳು. ಹಿಂದೆ ಅಡಿಗೆಮನೆ. ಲಾಳಿ ಆ ಕಡೆಯಿಂದ ಈ ಕಡೆ ಹಾಯುತ್ತಿತ್ತು, ಅಪ್ಪ ಹಲಗೆ ಎಳೆದು ನೂಲನ್ನು ಬಿಗಿಯುತ್ತಿದ್ದ, "ದಡ್" ಎಂದು ಸಪ್ಪಳವಾಗುತ್ತಿತ್ತು. ಆ ಸಪ್ಪಳದ ಮೇಲೇ ನಮ್ಮ ಮನೆ ನಡೆಯುತ್ತಿತ್ತು. ಅಪ್ಪ ಹೆಚ್ಚು ಮಾತಾಡುವವನಲ್ಲ, ಸಿಟ್ಟು ಬಂದರೆ ಹಲಗೆ ಜೋರಾಗಿ ಬೀಳುತ್ತಿತ್ತು. ಅದನ್ನು ಕೇಳಿ ಅವ್ವ ಸಾರಿಗೆ ಖಾರ ಕಡಿಮೆ ಹಾಕುತ್ತಿದ್ದಳು.

ಅವ್ವ ನಮ್ಮ ಓಣಿಯ ಅಂಗನವಾಡಿಯಲ್ಲಿ ಸಹಾಯಕಿ. ಕಸ ಹೊಡೆಯುವುದು, ಮನೆಮನೆಗೆ ಹೋಗಿ ಮಕ್ಕಳನ್ನು ಎತ್ತಿ ತರುವುದು, ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು ಅವಳ ಕೆಲಸ. ಖುರ್ಚಿಯ ಮೇಲೆ ಕೂತು ಹಾಡು ಹೇಳಿಕೊಡುವವರು ಟೀಚರ್. ಆ ಟೀಚರ್ ಶ್ರಾವಣ ಮುಗಿಯುವಾಗ ನಿವೃತ್ತರಾಗುವವರಿದ್ದರು. ಹತ್ತನೆಯ ತರಗತಿ ಪಾಸಾದ ಸಹಾಯಕಿ ಇದ್ದರೆ ಆ ಜಾಗ ಅವಳಿಗೇ ಮೊದಲು, ಇಲ್ಲದಿದ್ದರೆ ಬೇರೆ ಓಣಿಯಿಂದ ಯಾರಾದರೂ ಬರುತ್ತಾರೆ. ಒಮ್ಮೆ ಬಂದು ಕೂತವರು ಇಪ್ಪತ್ತು ಮೂವತ್ತು ವರ್ಷ ಏಳುವುದಿಲ್ಲ. ಅವ್ವ ಒಂಬತ್ತನೆಯ ತರಗತಿಯಲ್ಲಿದ್ದಾಗ ಮದುವೆಯಾಗಿ ಶಾಲೆ ಬಿಟ್ಟವಳು. ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ, ಯಾರ ಕಡೆಗೂ ನೋಡದೆ, ಅವಳು ಸುದ್ದಿ ಹೇಳಿದಳು.

"ನಾ ಎಕ್ಸ್‌ಟರ್ನಲ್ ಎಸ್ಸೆಸ್ಸೆಲ್ಸಿ ಕಟ್ಟತೇನಿ. ಹುನಗುಂದದಾಗ ಪರೀಕ್ಷೆ."

"ಕಂಡಿಕಿ ಯಾರ ಸುತ್ತಾವ್ರು?" ಅಪ್ಪ ಕೇಳಿದ. ಕಂಡಿಕೆ ಅಂದರೆ ಲಾಳಿಯೊಳಗೆ ಕೂಡುವ ನೂಲಿನ ಸುರುಳಿ. ಅದನ್ನು ಸುತ್ತುವವಳು ಅವ್ವ. ಅವಳು ಎದ್ದರೆ ಮಗ್ಗ ನಿಂತಂತೆಯೇ.

"ಅದನೂ ಸುತ್ತತೇನ್ರಿ."

"ನಾಳೆ ಮಗಳ ಜೋಡಿ ಪಾಟಿಚೀಲ ಹಾಕ್ಕೊಂಡು ಹೊಂಟೀಯಂದ್ರ ಮಂದಿ ನಮ್ಮ ಮಾರಿ ನೋಡಿ ನಗೂದಿಲ್ಲೇನ?" ಆಯಿ ತಾಟಿನಿಂದ ತಲೆ ಎತ್ತದೆ ಅಂದಳು.

"ನಗಲಿ ಬಿಡ್ರಿ ಅತ್ತಿ. ಇಷ್ಟ ವರ್ಷ ಆ ಕೂಸುಗೋಳ ಮೂಗ ಒರಸೇನಿ. ಅವಕ್ಕ ನಾಕು ಅಕ್ಷರ ಹೇಳಿಕೊಡೂದು ನನಗೂ ಬರತೈತಿ."

ಅಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ. ಅಂದು ಇಡೀ ಸಂಜೆ ಹಲಗೆ ಬಿದ್ದ ರೀತಿಗೆ ಗೋಡೆಯ ಮೇಲಿನ ಡಬ್ಬಿಗಳು ಅಲುಗಿದವು. ನನಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಅವ್ವನ ಮೇಲೂ ಬಂದಿತ್ತು, ಸುಮ್ಮನೆ ಇದ್ದ ಮನೆಯಲ್ಲಿ ಇವಳೇಕೆ ಗದ್ದಲ ಎಬ್ಬಿಸುತ್ತಾಳೆ ಎಂದು. ಆದರೆ ಅವ್ವ ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ಎದುರುಮನೆಯ ಮುಲ್ಲಾ ಸರ್ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ಅವ್ವ ಅಂಗನವಾಡಿಯಿಂದ ಬಂದವಳೇ ಪುಸ್ತಕ ಹಿಡಿದು ಅವರ ಅಂಗಳಕ್ಕೆ ಹೋಗಿ, ಅವರ ಹೆಂಡತಿಯ ಪಕ್ಕದಲ್ಲಿ ಕೂತು ಪಾಠ ಹೇಳಿಸಿಕೊಂಡು ಬರುತ್ತಿದ್ದಳು. ಆಮೇಲೆ ಮನೆಯಲ್ಲಿ ಒಂದು ಕೈಯಿಂದ ಕಂಡಿಕೆಯ ರಾಟೆ ತಿರುಗಿಸುತ್ತ, ಮೊಣಕಾಲ ಮೇಲೆ ಪುಸ್ತಕ ತೆರೆದಿಟ್ಟು ಓದುತ್ತಿದ್ದಳು. ಗಣಿತ ಅವಳಿಗೆ ಬೇಗ ಹತ್ತಿತು. ಕನ್ನಡವಂತೂ ಅವಳದೇ. ಇಂಗ್ಲಿಷನ್ನು ಹೆದರಿ ಹೆದರಿಯೇ ಬಾಯಿಪಾಠ ಮಾಡಿದಳು. ಸಮಾಜ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ.

ಒಂದು ದಿನ ಆಯಿ ಹೊರಸಿನ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, "ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿ ಬೆಳೆಗೆ ಸೂಕ್ತವಾಗಿದೆ" ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಪುಸ್ತಕ ಮುಚ್ಚಿದ ಕೂಡಲೇ ಅರ್ಧಕ್ಕೆ ನಿಲ್ಲುತ್ತಿದ್ದಳು. ಆಯಿಗೆ ತಲೆ ಚಿಟ್ಟು ಹಿಡಿಯಿತು. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಒಡಪು ಹೇಳುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಯಾರೂ ಇರಲಿಲ್ಲ. ಮದುವೆ ಮನೆಯವರು ಅವಳನ್ನು ಕರೆದುಕೊಂಡು ಹೋಗಲು ಆಳು ಕಳಿಸುತ್ತಿದ್ದರು. ಜೋಳದ ಮೊರ ಕೆಳಗಿಟ್ಟು, ಬೈಯುವ ದನಿಯಲ್ಲೇ ಅವಳು ಅಂದಳು:

"ಅಷ್ಟ ಯಾಕ ಬಡಕೋತಿ? ಹಿಂಗ ಅನ್ನ: ಎರಿ ಮಣ್ಣು ನೀರ ಹಿಡದಿಡತೈತಿ, ಹತ್ತಿ ಬೆಳಿಗಿ ಹಿತಾ, ಈರಣ್ಣನವರ ಹೆಸರ ಹೇಳತೇನಿ, ಕೇಳ್ರಿ ಎಲ್ಲಾರೂ ಕೂತಾ."

ಅವ್ವ ಒಮ್ಮೆ ಹೇಳಿದಳು. ರಾಟೆಯನ್ನು ಒಂದು ಸುತ್ತು ತಿರುಗಿಸಿ ಮತ್ತೊಮ್ಮೆ ಹೇಳಿದಳು. ಸಂಜೆ ದೀಪ ಹಚ್ಚುವಾಗ ನಾನು ಪುಸ್ತಕ ಹಿಡಿದು ಕೇಳಿದೆ, ಆಗಲೂ ಒಂದು ಅಕ್ಷರ ತಪ್ಪಲಿಲ್ಲ. ಅಂದಿನಿಂದ ನಮ್ಮ ಮನೆಯ ಗಾಳಿಯೇ ಬದಲಾಯಿತು. ನಾನು ಪಾಠ ಓದುವುದು, ಆಯಿ ಕಣ್ಣು ಮುಚ್ಚಿ ಕೇಳುವುದು, ಎಲೆಅಡಿಕೆ ಅಗಿಯುತ್ತ ಒಡಪು ಕಟ್ಟುವುದು, ಅವ್ವ ಅದನ್ನು ಹಿಡಿದುಕೊಳ್ಳುವುದು. ಮಣ್ಣು, ಹೊಳೆ, ಸಂವಿಧಾನ, ಬ್ಯಾಂಕು ಎಲ್ಲಕ್ಕೂ ಅಪ್ಪನ ಹೆಸರು ಕೂಡಿಕೊಂಡಿತು. "ವರ್ಷಕ್ಕೆರಡು ಗ್ರಾಮಸಭಾ ಕರದು ಕೇಳಬೇಕ ಊರ, ಈರಣ್ಣನವರು ನನ್ನ ಕೊರಳಾಗಿನ ಹಾರ." ಅದನ್ನು ಕೇಳಿ ಮುಲ್ಲಾ ಸರ್ ಹೆಂಡತಿ ನೆಲದ ಮೇಲೆ ಉರುಳಿ ಉರುಳಿ ನಕ್ಕಿದ್ದಳು. ಅಪ್ಪ ಮಾತ್ರ ಮುಂದಿನ ಕೋಣೆಯಿಂದ ಗೊಣಗುತ್ತಿದ್ದ.

"ದಿನಾ ಬೆಳತನಾ ನನ್ನ ಹೆಸರ ಕೂಗತೀರಿ. ನನಗ ಬಿಕ್ಕಳಿಕಿ ಹತ್ತೇತಿ."

ಆಯಿಗೆ ಒಂದು ಕಟ್ಟುನಿಟ್ಟು ಇತ್ತು. ಒಡಪನ್ನು ಶುರು ಮಾಡಿದವಳು ಹೆಸರು ಹೇಳದೆ ನಿಲ್ಲಿಸಕೂಡದು, ನಿಲ್ಲಿಸಿದರೆ ಆ ಹೆಸರಿನವನ ಆಯುಷ್ಯಕ್ಕೆ ಒಳ್ಳೆಯದಲ್ಲ. ಅವ್ವ ನಡುವೆ ಮರೆತು ನಿಂತರೂ ಆಯಿ ಗದರುತ್ತಿದ್ದಳು, "ಹೆಸರ ಹೇಳಿ ಮುಗಸ ಮೊದಲ, ಆಮ್ಯಾಲ ವಿಚಾರ ಮಾಡು." ಆ ಕಟ್ಟುನಿಟ್ಟೇ ಮುಂದೆ ನಮ್ಮ ಕುತ್ತಿಗೆಗೆ ಬಂತು.

ಸಮಾಜ ಪರೀಕ್ಷೆಯ ದಿನ ಅವ್ವ ಹುನಗುಂದದ ಬಸ್ಸಿನಿಂದ ಇಳಿದು ಬಂದಾಗ ಅವಳ ಮುಖ ಹಬ್ಬದ ಹಾಗಿತ್ತು. ಮುಲ್ಲಾ ಸರ್ ಪ್ರಶ್ನೆಪತ್ರಿಕೆ ನೋಡಲೆಂದು ಬಂದು ಕಟ್ಟೆಯ ಮೇಲೆ ಕೂತರು. ಆಯಿ ಅವರಿಗೆ ಮಜ್ಜಿಗೆ ತಂದು ಕೊಟ್ಟಳು. ಅಪ್ಪ ಕೂಡ ಮಗ್ಗ ನಿಲ್ಲಿಸಿ ಕಿವಿ ಕೊಟ್ಟಿದ್ದ.

"ಕೃಷ್ಣಾ ನದಿ ಉಪನದಿಗೋಳ ಕೇಳ್ಯಾರಲ್ಲ, ಏನ ಬರದಿ ತಂಗಿ?" ಸರ್ ಕೇಳಿದರು.

ಅವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಹೇಳಿದಳು:

"ಕೃಷ್ಣಾ ಹೊಳಿಗಿ ಕೂಡತಾವ ಘಟಪ್ರಭಾ, ಮಲಪ್ರಭಾ, ಭೀಮಾ, ಈರಣ್ಣನವರ ಮ್ಯಾಲ ನನಗ ಕಡಿಮಿ ಇಲ್ಲ ಪ್ರೇಮಾ."

ಸರ್ ನಗಲಿಲ್ಲ. ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಅದನೂ ಬರದಿಯೇನು? ಹೆಸರಾ?"

"ಬರದೇನ್ರಿ ಸರ್. ಟೈಮ್ ಕಡಿಮಿ ಇತ್ತು, ಬಾಯಾಗ ಹ್ಯಾಂಗ ಬಂತೋ ಹಂಗ ಬರಕೋತ ಹ್ವಾದೆ. ಮತ್ತ ಅರ್ಧಕ್ಕ ಹ್ಯಾಂಗ ಬಿಡೂದ್ರಿ?"

"ಎಷ್ಟ ಕಡೆ ಬರದಿ?"

ಅವ್ವ ಆಯಿಯ ಕಡೆ ನೋಡಿದಳು. ಆಯಿ ನೆಲ ನೋಡಿದಳು. ಸರ್ ನಿಧಾನವಾಗಿ ತಿಳಿಸಿ ಹೇಳಿದರು. ಉತ್ತರಪತ್ರಿಕೆಯೊಳಗೆ ಯಾರ ಹೆಸರನ್ನೂ ಬರೆಯುವಂತಿಲ್ಲ. ಇದು ಇಂಥವರ ಪತ್ರಿಕೆ ಎಂದು ಗುರುತು ಮಾಡಿ, ಗುರುತಿನವರಿಂದ ಅಂಕ ಹಾಕಿಸಿಕೊಳ್ಳುವ ಹಂಚಿಕೆ ಎಂದು ತಿಳಿಯುತ್ತಾರೆ. ಆ ವಿಷಯವನ್ನೇ ರದ್ದು ಮಾಡಿದರೂ ಮಾಡಬಹುದು. ಅವರು ಎದ್ದು ಹೋದರು. ಮೊದಲು ಬಾಯಿ ತೆರೆದವನು ಅಪ್ಪ.

"ಕಂಡವರ ಕೈಯಾಗ ನನ್ನ ಹೆಸರ ಕೊಟ್ಟ ಬಂದಿ. ಯಾವನೋ ಮಾಸ್ತರ ಓದಿ ನಾಕು ಮಂದಿ ಮುಂದ ನಗತಾನ. ಪ್ರೇಮ ಅಂತ, ಪ್ರೇಮ!"

"ನಿಮಗ ನಗಿ ಚಿಂತಿ. ನನ್ನ ಜಾಗಾ ಹೊಂಟೈತ್ರಿ," ಎಂದಳು ಅವ್ವ. ಅವಳು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಫಲಿತಾಂಶಕ್ಕಾಗಿ ಕಾಯುವ ದಿನಗಳು ಬಂದವು. ಮನೆಯಲ್ಲಿ ಒಡಪು ನಿಂತುಹೋಯಿತು. ನಮ್ಮ ಬೀಗರ ಮನೆಯ ಕುಬುಸಕ್ಕೆ ಆಯಿಯನ್ನು ಕರೆಯಲು ಬಂದರೆ, ಅವಳು ಹಲ್ಲುನೋವೆಂದು ಹೊದ್ದು ಮಲಗಿಬಿಟ್ಟಳು. ಅವ್ವ ಅಂಗನವಾಡಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಕಂಡಿಕೆ ಸುತ್ತುತ್ತಿದ್ದಳು. ಪುಂಡಿಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದರೂ ಹಾಗೇ ಉಣ್ಣುತ್ತಿದ್ದೆವು. ಫಲಿತಾಂಶ ಬಂತು. ಉಳಿದ ಎಲ್ಲ ವಿಷಯ ಪಾಸು, ಸಮಾಜ ನಪಾಸು. ಹೆಸರು ಬರೆದದ್ದಕ್ಕೋ, ಅಂಕಗಳೇ ಅಷ್ಟು ಕಡಿಮೆ ಬಂದಿದ್ದವೋ ಯಾರಿಗೆ ಗೊತ್ತು. ನಾನೀಗ ಬಾಗಲಕೋಟೆಯಲ್ಲಿ ಶಿಕ್ಷಕಿ, ಪ್ರತಿ ವರ್ಷ ಪತ್ರಿಕೆ ತಿದ್ದಲು ಹೋಗುತ್ತೇನೆ. ನಿಯಮವನ್ನು ಬಾಯಿಪಾಠ ಬಲ್ಲೆ. ಆದರೂ ನದಿಗಳ ಉತ್ತರ ಬಂದಾಗಲೆಲ್ಲ ಕೊನೆಯ ಸಾಲಿನಲ್ಲಿ ಯಾವುದಾದರೂ ಗಂಡನ ಹೆಸರು ಇದೆಯೇ ಎಂದು ಕಣ್ಣು ಹುಡುಕುತ್ತದೆ. ಸಿಕ್ಕರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಉಳಿದದ್ದು ಒಂದೇ ದಾರಿ. ಮಳೆಗಾಲದ ಶುರುವಿಗೆ ಪೂರಕ ಪರೀಕ್ಷೆ ಇತ್ತು. ಅದರ ಫಲಿತಾಂಶ ಬರುವುದೂ ಟೀಚರ್ ಖುರ್ಚಿ ಬಿಡುವುದೂ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಈ ಸಲ ತಪ್ಪಿದರೆ ಮತ್ತೆ ಕಟ್ಟಿ ಪ್ರಯೋಜನವಿಲ್ಲ. ಅವ್ವ ಮತ್ತೆ ಪುಸ್ತಕ ತೆರೆದಳು. ಆದರೆ ಹೆಸರು ಬಿಟ್ಟು ಹೇಳಲು ಹೋದರೆ ಎಲ್ಲ ಕಲಸಿಹೋಗುತ್ತಿತ್ತು. "ಘಟಪ್ರಭಾ, ಮಲಪ್ರಭಾ" ಎಂದು ನಿಂತರೆ ಭೀಮಾ ಬರುತ್ತಿರಲಿಲ್ಲ. ಭೀಮಾ ಬರಬೇಕಾದರೆ ಪ್ರೇಮಾ ಬೇಕು, ಪ್ರೇಮಾ ಬರಬೇಕಾದರೆ ಈರಣ್ಣ ಬೇಕು. ಬರೀ ಪಾಠವನ್ನು ಓದಿದರೆ ಮೊದಲಿನ ಹಾಗೆ ಏನೂ ಹತ್ತುತ್ತಿರಲಿಲ್ಲ. ಕೊನೆಗೆ ಅವ್ವ ತೊಳೆಯುತ್ತಿದ್ದ ತಾಟನ್ನು ಹಿಡಿದೇ ಆಯಿಯ ಹೊರಸಿನ ಬಳಿ ಹೋಗಿ ಕೂತಳು.

"ಅತ್ತಿ, ಹೆಸರ ಇಲ್ಲದ ಒಡಪ ಕಟ್ಟಿಕೊಡ್ರಿ."

"ಹೆಸರ ಇಲ್ಲದ್ದು ಒಡಪ ಹ್ಯಾಂಗ ಆಕ್ಕೈತಿ?"

"ಹಂಗಾರ ಹಳೇವನ್ನ ಅಂತೇನಿ, ಹೆಸರ ಬರೂ ಮೊದಲ ನಿಲ್ಲಿಸಿ ಬಿಡತೇನಿ."

"ಬಾಯಿ ಮುಚ್ಚ!" ಆಯಿ ಹೊರಸಿನಿಂದ ಎದ್ದೇ ಬಿಟ್ಟಳು. "ಒಬ್ಬಾನೊಬ್ಬ ಮಗ ಅದಾನ ನನಗ. ನಿನ್ನ ಖುರ್ಚಿ ಸಲುವಾಗಿ ಅವನ ಆಯುಷ್ಯ ನಡಬರಕ ಕಡೀತೀಯೇನ?"

ಅವ್ವನ ಕೈಯಲ್ಲಿದ್ದ ತಾಟು ಗೋಡೆಗೆ ಹೋಗಿ ಬಡಿಯಿತು. ಎಸೆದಳೋ, ಜಾರಿತೋ, ನಾನು ನೋಡಲಿಲ್ಲ. ನಾನು ಜೋಳದ ಚೀಲದ ಹಿಂದೆ ಸರಿದಿದ್ದೆ.

"ನಿಮ್ಮ ಮಗನ ಆಯುಷ್ಯ ನನಗ ಬ್ಯಾಡೇನ್ರಿ? ನನ್ನ ಕೊರಳಾಗಿರೂದು ಯಾರ ತಾಳಿ? ಅವರ ಹೆಸರ ಬಿಡಾಕ ಮನಸಿಲ್ಲಂತನ ಅಲ್ಲೇನ್ರಿ ನಾ ಅವತ್ತ ಪೇಪರನ್ಯಾಗ ಬರದದ್ದು?"

ಹೇಳುತ್ತ ಹೇಳುತ್ತ ಅವ್ವ ಅತ್ತುಬಿಟ್ಟಳು. ಆಯಿಯೂ ಅಳತೊಡಗಿದಳು. ಇಬ್ಬರೂ ಅಳುವಾಗ ಮುಂದಿನ ಕೋಣೆಯಲ್ಲಿ ಮಗ್ಗ ನಿಂತಿತ್ತು. ಅಪ್ಪ ಕುಣಿಯಿಂದ ಮೇಲೆ ಬಂದು ನಡುವಿನ ಬಾಗಿಲಲ್ಲಿ ನಿಂತ. ಅವನ ಕೂದಲಿಗೆಲ್ಲ ನೂಲಿನ ಧೂಳು ಹತ್ತಿತ್ತು. ಇವತ್ತು ಅವ್ವನಿಗೆ ಹೊಡೆತ ಬೀಳುತ್ತದೆ ಎಂದೇ ನಾನು ಹೆದರಿದೆ. ಅವನು ಎಂದೂ ಹೊಡೆದವನಲ್ಲ, ಆದರೆ ಅಂಥ ಮುಖವನ್ನೂ ನಾನು ಎಂದೂ ನೋಡಿರಲಿಲ್ಲ.

"ಯವ್ವಾ, ಆಕಿ ಹೇಳಲಿ ಬಿಡಬೇ," ಎಂದ. "ಹೆಸರ ಬರೂ ಜಾಗಾಕ್ಕ ಆಕಿ ಸುಮ್ನಾಗಲಿ. ಹೆಸರಿನ ಮಾಲಕ ನಾ ಇಲ್ಲೇ ಅದೇನಲ್ಲ. ಆಕಿ ಬಿಟ್ಟಲ್ಲೆ ನಾ ತುಂಬತೇನಿ. ಅರ್ಧಕ್ಕ ನಿಂತಂಗ ಎಲ್ಲಾತು?"

ಆಯಿ ಕಣ್ಣು ಒರೆಸಿಕೊಂಡಳು. ಎಲೆಗೆ ಸುಣ್ಣ ಹಚ್ಚಿದಳು, ಅಡಿಕೆ ಹಾಕಿದಳು, ಮಡಿಚಿದಳು.

"ಹೆಸರಿನಾಂವ ತಾನ ಓಗೊಟ್ರ ನಡೀತೈತಿ," ಎಂದಳು ಕೊನೆಗೆ.

ಅಪ್ಪ ಮತ್ತೆ ಕುಣಿಗೆ ಇಳಿದ. ಅವ್ವ ಮೂಗು ಸೊರ ಸೊರ ಎಳೆದುಕೊಳ್ಳುತ್ತ ಶುರು ಮಾಡಿದಳು. "ಕೃಷ್ಣಾ ಹೊಳಿಗಿ ಕೂಡತಾವ ಘಟಪ್ರಭಾ, ಮಲಪ್ರಭಾ, ಭೀಮಾ..." ಅಲ್ಲಿಗೆ ಬಾಯಿ ಮುಚ್ಚಿದಳು. ಮುಂದಿನ ಕೋಣೆಯಿಂದ ಹಲಗೆ ಒಂದು ಸಲ ಬಿತ್ತು. ದಡ್. ಅವ್ವ ಮುಂದಿನ ಪಾಠಕ್ಕೆ ಹೋದಳು. ಎರಿ ಮಣ್ಣು, ದಡ್. ಗ್ರಾಮಸಭೆ, ದಡ್. ಹೀಗೆ ಮಳೆ ಹಿಡಿಯುವವರೆಗೂ ನಡೆಯಿತು. ಅಪ್ಪ ನೇಯುವುದರ ನಡುವೆ ಕಿವಿಯನ್ನು ಒಳಗೇ ಇಟ್ಟಿರುತ್ತಿದ್ದ. ಅವ್ವ ಎಲ್ಲಾದರೂ ಮರೆತು ತಡವರಿಸಿದರೆ ಹಲಗೆ ಎತ್ತಿ ಹಿಡಿದು ಕಾಯುತ್ತಿದ್ದ. ಪಾಠ ಅವನಿಗೂ ಬಂದುಬಿಟ್ಟಿತ್ತು, ಆದರೆ ಒಂದು ದಿನವೂ ಹೇಳಿಕೊಡಲಿಲ್ಲ. ಅದು ಅವಳದೇ ಆಗಬೇಕು ಎಂದು ಅವನಿಗೆ ಅನಿಸಿತ್ತೋ ಏನೋ. ಅಪ್ಪನ ಮೇಲಿದ್ದ ನನ್ನ ಸಿಟ್ಟು ಆ ದಿನಗಳಲ್ಲೇ ಕರಗಿತು.

ಪೂರಕ ಪರೀಕ್ಷೆಯ ದಿನ ಅಪ್ಪ ಮಗ್ಗಕ್ಕೆ ಅರಿವೆ ಮುಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ನಮ್ಮ ಜೊತೆಗೆ ಹೊರಟ. ಕೆಲಸದ ದಿನ ಅವನು ಮಗ್ಗ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಬಸ್ಸಿನಲ್ಲಿ ಅವ್ವ ಕಿಟಕಿಗೆ ಹಣೆ ಹಚ್ಚಿ ತುಟಿ ಅಲುಗಿಸುತ್ತಿದ್ದಳು. ಅಪ್ಪ ಎದುರಿನ ಸೀಟಿನ ಕಂಬಿಯ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿಯುತ್ತಿದ್ದ. ಹುನಗುಂದದಲ್ಲಿ ಪರೀಕ್ಷೆಯ ಶಾಲೆಯ ಗೇಟು ಮುಚ್ಚಿದ ಮೇಲೆ ನಾವಿಬ್ಬರೂ ಎದುರಿನ ಬೇವಿನ ಗಿಡದ ಕೆಳಗೆ ಕೂತೆವು. ಅಪ್ಪ ಬುತ್ತಿ ಬಿಚ್ಚಲಿಲ್ಲ, ನೀರು ಕುಡಿಯಲಿಲ್ಲ. ನನಗೆ ಹಸಿವೆಯಾಗಿತ್ತು, ಕೇಳಲು ಧೈರ್ಯ ಬರಲಿಲ್ಲ. ಆ ಗೇಟನ್ನು ನೋಡುತ್ತ ಕೂತಾಗ ನನಗೆ ಮೊದಲ ಸಲ ಅನಿಸಿತು, ಅವ್ವ ಪಾಸಾಗದಿದ್ದರೆ ನಾನೂ ಮುಂದೆ ಏನೂ ಆಗಲಾರೆ ಎಂದು. ಗಂಟೆ ಹೊಡೆಯಿತು. ಎಲ್ಲ ಮಂದಿ ಹೊರಗೆ ಬಂದರು. ಅವ್ವ ಕೊನೆಗೆ ಬಂದಳು. ಪತ್ರಿಕೆ ಹೇಗಿತ್ತು ಎಂದು ಅಪ್ಪ ಕೇಳಲಿಲ್ಲ.

"ಹೆಸರಾ?" ಎಂದ.

"ಬರದಿಲ್ರಿ. ಒಂದ ಕಡೆನೂ ಬರದಿಲ್ಲ. ಆ ಜಾಗಾ ಬಂದಾಗೊಮ್ಮೆ ಬೆಂಚಿಗಿ ಬೆರಳಿಲೆ ಬಡದು ಮುಂದ ಹೋದೆ. ಸಪ್ಪಳ ಮಾಡಬ್ಯಾಡ್ರಿ ಅಂತ ಮೇಡಂ ಬೈದ್ರು."

ಅಪ್ಪ ತಲೆಯಾಡಿಸಿದ. ಅವನ ಮುಖದಲ್ಲಿ ಸಮಾಧಾನ ಇತ್ತು. ಎಲ್ಲೋ ಒಂದಿಷ್ಟು ನಿರಾಸೆಯೂ ಇತ್ತು ಎಂದು ನನಗೆ ಈಗ ಅನಿಸುತ್ತದೆ. ಬುತ್ತಿ ಬಿಚ್ಚಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಮೊದಲ ತುಂಡು ಅವ್ವನಿಗೆ ಕೊಟ್ಟ.

ಟೀಚರ್ ನಿವೃತ್ತಿಗೆ ಇನ್ನೇನು ಕೆಲವೇ ದಿನ ಉಳಿದಿದ್ದಾಗ, ಮುಲ್ಲಾ ಸರ್ ಛತ್ರಿ ಮಡಿಚುವುದನ್ನೂ ಮರೆತು ಓಡಿ ಬಂದರು. ಛತ್ರಿ ಬಾಗಿಲಿಗೆ ಸಿಕ್ಕಿಕೊಂಡಿತು. ಹೊರಗೆ ನಿಂತೇ ಕೂಗಿದರು, "ತಂಗೀ, ಪಾಸ್!" ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ನಮ್ಮ ನಡುವಿನ ಕೋಣೆಯಲ್ಲಿ ತುಂಬಿದ್ದರು. ಆಯಿ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಅಪ್ಪ ನಾಚಿಕೊಂಡು ಮಗ್ಗದ ಕುಣಿಯಲ್ಲಿ ಅಡಗಿ ಕೂತಿದ್ದ. ಸರ್ ಹೆಂಡತಿ ಅವ್ವನ ಗಲ್ಲ ಹಿಡಿದು, "ಇನ್ನ ನೀ ಟೀಚರ್. ಹೆಸರ ಹೇಳಿದ್ರನ ಬಿಡೂದು," ಎಂದಳು. ಅವ್ವ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು.

"ಕೃಷ್ಣಾ ಹೊಳಿಗಿ ಕೂಡತಾವ ಘಟಪ್ರಭಾ, ಮಲಪ್ರಭಾ, ಭೀಮಾ..."

ಅಲ್ಲಿಗೆ ಬಂದು ರೂಢಿಯಿಂದ ಬಾಯಿ ಮುಚ್ಚಿದಳು. ಮುಂದಿನ ಕೋಣೆಯಿಂದ ಹಲಗೆ ಬಿತ್ತು. ದಡ್. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಅವರಿಗೆ ತಿಳಿಯಲಿಲ್ಲ. ಆಯಿಗೆ ನಗು ತಡೆಯಲಾಗಲಿಲ್ಲ.

"ಹೇಳ ಹುಚ್ಚಿ! ಇಲ್ಲಿ ಮಾರ್ಕ್ ಕಡಿಯಾವ್ರು ಯಾರೂ ಇಲ್ಲ."

ಅವ್ವ ನಗಲಿಲ್ಲ. ಮಗ್ಗದ ಕೋಣೆಯ ಬಾಗಿಲನ್ನೇ ನೋಡುತ್ತ ನಿಂತಳು. ಒಡಪಿನ ಎರಡನೆಯ ಸಾಲನ್ನು ಅವಳು ಎತ್ತಿಕೊಳ್ಳಲೇ ಇಲ್ಲ.

"ಈರಣ್ಣ," ಎಂದಳು.

ಬರೀ ಅಷ್ಟೇ. ಪ್ರಾಸ ಇಲ್ಲ, ರಾಗ ಇಲ್ಲ, ಹಿಂದೆ ಮುಂದೆ ಏನೂ ಇಲ್ಲ. ಆಯಿ ಬೈಯುತ್ತಾಳೆಂದು ನಾನು ಕಾದೆ. ಅವಳು ಎರಡೂ ಕೈಗಳನ್ನು ಹಣೆಯ ಪಕ್ಕಕ್ಕೆ ಒಯ್ದು ಲಟಿಕೆ ಮುರಿದಳು, ಮೊದಲು ಅವ್ವನಿಗೆ, ಆಮೇಲೆ ಮಗ್ಗದ ದಿಕ್ಕಿಗೆ. ಒಳಗೆ ಹಲಗೆ ಎತ್ತಿದ ಸಪ್ಪಳ ಕೇಳಿತು. ಅದು ಬೀಳುವುದನ್ನು ನಾವೆಲ್ಲ ಕಾಯುತ್ತ ನಿಂತೆವು. ಬಹಳ ಹೊತ್ತು ಬೀಳಲಿಲ್ಲ.